ಹುಳದ ಹಿಂದೆ ಓಡ್ಬೇಡಿ, ಹೂವಿನ ಮುಂದೆ ಕೂತ್ಕೊಳ್ಳಿ: ಸೂರ್ಯನ ಬೆಳಕಲ್ಲೇ ಸಣ್ಣ ಹುಳಗಳ ಫೋಟೋ

ಮೈಸೂರಲ್ಲಿ ಕೆಲ್ಸ, ಊರು ಪಾಂಡವಪುರದ ಕಡೆ, ಹಂಗಾಗಿ ಒಂದು ಭಾನುವಾರ ಕುಕ್ಕರಹಳ್ಳಿ ಕೆರೆ ಏರಿ, ಇನ್ನೊಂದು ಭಾನುವಾರ ನಮ್ಮ ಹೊಲದ ಬದು, ಹಿಂಗೆ ಏಳು ವರ್ಷದಿಂದ ಹೂವಿನ ಮೇಲೆ ಕೂರೋ ಸಣ್ಣಪುಟ್ಟ ಹುಳಗಳ ಫೋಟೋ ತೆಗೀತಾ ಇದೀನಿ. ಫ್ಲಾಶ್ ಇಲ್ಲ, ಸೂರ್ಯನ ಬೆಳಕು ಅಷ್ಟೇ. ಇದರಲ್ಲಿ ಮೊದಲ ಎರಡು ವರ್ಷ ದಂಡ ಅಂತಾನೇ ಲೆಕ್ಕ, ಯಾಕಂದ್ರೆ ಒಂದು ಜೇನು ಕಾಣ್ತು ಅಂದ್ರೆ ಸಾಕು ಕ್ಯಾಮೆರಾ ಎತ್ಕೊಂಡು ಅದರ ಹಿಂದೇನೇ ಹೋಗೋದು, ನಾನು ಹತ್ರ ಹೋಗೋಷ್ಟ್ರಲ್ಲಿ ಅದು ಪಕ್ಕದ ಹೂವಿಗೆ, ನಾನು ಪಕ್ಕದ ಹೂವಿಗೆ ಹೋಗೋಷ್ಟ್ರಲ್ಲಿ ಅದು ಬೇಲಿ ಆಚೆಗೆ, ಮನೆಗೆ ಬಂದು ನೋಡಿದ್ರೆ ಮುನ್ನೂರು ಫೋಟೋದಲ್ಲಿ ಇನ್ನೂರೈವತ್ತು ಖಾಲಿ ಹೂವು, ಉಳಿದ ಐವತ್ತರಲ್ಲಿ ಹುಳದ ಹಿಂಭಾಗ. ಆಮೇಲೆ ಒಂದಿನ ಸುಸ್ತಾಗಿ ಒಂದು ತುಂಬೆ ಗಿಡದ ಪಕ್ಕ ನೀರು ಕುಡೀತಾ ಸುಮ್ನೆ ಕೂತಿದ್ದೆ. ಹತ್ತು ನಿಮಿಷದಲ್ಲಿ ಅದೇ ಗಿಡಕ್ಕೆ ನಾಲ್ಕು ಥರದ ಹುಳ ಬಂದು ಹೋದ್ವು, ಒಂದಂತೂ ಎರಡು ಸಲ ಬಂತು. ಅವತ್ತಿಂದ ಹುಳ ಹುಡುಕೋದು ಬಿಟ್ಟೆ, ಹೂವು ಹುಡುಕ್ತೀನಿ. ಕೆಳಗೆ ಹೇಳೋ ಸೆಟ್ಟಿಂಗು, ಲೆನ್ಸು, ಬಟ್ಟೆ ಚೌಕಟ್ಟು ಎಲ್ಲಾ ಈ ಒಂದು ವಿಷ್ಯಕ್ಕೆ ಬಂದು ಸೇರುತ್ತೆ, ಅದಕ್ಕೇ ಮೊದ್ಲೇ ಹೇಳ್ಬಿಟ್ಟೆ.

ಯಾವಾಗ ಹೋಗೋದು

ನಮ್ ಕಡೆಗೆ ದಸರಾ ಮುಗಿದ ಮೇಲಿಂದ ಸಂಕ್ರಾಂತಿವರೆಗೆ ಇದಕ್ಕೆ ಹೇಳಿ ಮಾಡ್ಸಿದ ಕಾಲ. ಮಳೆ ಕುಡಿದು ಬದು ತುಂಬಾ ತುಂಬೆ ಎದ್ದಿರುತ್ತೆ, ಹುಚ್ಚೆಳ್ಳು ಹೊಲ ಹಳದಿ ಆಗಿರುತ್ತೆ, ಆಮೇಲೆ ಅವರೆ ಹೂವು ಬರುತ್ತೆ, ಬೆಳಿಗ್ಗೆ ಇಬ್ಬನಿ, ಗಾಳಿ ಕಮ್ಮಿ. ಮಾರ್ಚ್ ಏಪ್ರಿಲ್‌ನಲ್ಲಿ ಹೊಂಗೆ ಹೂವು ಬಿಟ್ಟಾಗ ಮರದ ಕೆಳಗೆ ನಿಂತ್ರೆ ಜೇನಿನ ಝೇಂಕಾರ ಕೇಳುತ್ತೆ, ಆದ್ರೆ ಹೂವು ಎತ್ತರದಲ್ಲಿರುತ್ತೆ, ಕೆಳಗೆ ಬಾಗಿರೋ ಕೊಂಬೆ ಸಿಕ್ಕಿದ್ರೆ ಅದೃಷ್ಟ. ಮುಂಗಾರಿಗೆ ಮುಂಚೆ ಬಿತ್ತಿದ ಎಳ್ಳು ಹೂವಾಡುವಾಗ ಚೆನ್ನಾಗಿರುತ್ತೆ. ಜೂನ್ ಜುಲೈ ಆಗಸ್ಟ್ ಮಾತ್ರ ನನಗೆ ಆಗ್ಬರಲ್ಲ, ಗಾಳಿ ಹೊಡೆಯೋ ಹೊಡೆತಕ್ಕೆ ಹೂವು ಒಂದು ಕಡೆ ಹುಳ ಒಂದು ಕಡೆ, ಆ ಮೂರು ತಿಂಗಳು ಮನೆ ಕಾಂಪೌಂಡ್ ಒಳಗಿನ ಗಿಡಗಳೇ ಗತಿ.

ಟೈಮು ಅಂದ್ರೆ ಬೆಳಿಗ್ಗೆ. ಹುಳಗಳಿಗೆ ನಮ್ಮ ಥರ ಮೈಯೊಳಗೆ ಯಾವಾಗ್ಲೂ ಒಂದೇ ಬಿಸಿ ಇರಲ್ಲ, ಬಿಸಿಲು ಬಿದ್ದು ಮೈ ಕಾದ ಮೇಲೇನೇ ಚುರುಕಾಗೋದು, ಹಂಗಾಗಿ ಚಳಿಗಾಲದಲ್ಲಿ ಸೂರ್ಯ ಹುಟ್ಟೋ ಆರೂವರೆ ಆಸುಪಾಸಿಂದ ಸುಮಾರು ಎಂಟು ಗಂಟೆವರೆಗೂ ಅವು ಇನ್ನೂ ತೂಕಡಿಸ್ತಾ ಇರ್ತವೆ. ಎಂಟರಿಂದ ಒಂಬತ್ತೂವರೆ ಕೆಲಸಕ್ಕೆ ಇಳೀತವೆ, ಬೆಳಕೂ ಇನ್ನೂ ಓರೆಯಾಗಿ ಮೃದುವಾಗಿರುತ್ತೆ. ಹತ್ತರ ಮೇಲೆ ನಾನು ಕ್ಯಾಮೆರಾ ಬ್ಯಾಗಿಗೆ ಹಾಕಿ ಹೋಟ್ಲು ಹುಡುಕ್ತೀನಿ. ಮೈಸೂರು ಇರೋದು ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಏಪ್ರಿಲ್ ಕೊನೆ ವಾರ ಮತ್ತೆ ಆಗಸ್ಟ್ ನಡುಮಧ್ಯ ಮಟಮಟ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಬಂದ್ಬಿಡ್ತಾನೆ, ಆ ಬೆಳಕಲ್ಲಿ ಹೂವಿನ ದಳ ಸುಣ್ಣ ಬಳಿದಂಗೆ ಕಾಣುತ್ತೆ, ಹುಳದ ಹೊಟ್ಟೆ ಕೆಳಗೆ ಕಗ್ಗತ್ತಲು. ತೆಳ್ಳಗೆ ಮೋಡ ಕವಿದ ದಿನ ಸಿಕ್ಕಿದ್ರೆ ಮಾತ್ರ ಈ ಲೆಕ್ಕ ಎಲ್ಲಾ ಮರೀರಿ, ಇಡೀ ಆಕಾಶಾನೇ ದೊಡ್ಡ ಬಿಳಿ ಛತ್ರಿ ಹಿಡ್ದಂಗೆ, ಹನ್ನೆರಡು ಗಂಟೆಗೂ ತೆಗೀಬಹುದು.

ಎಲ್ಲಿಗೆ

ಹೊಸಬರಾದ್ರೆ ಎಲ್ಲೂ ಹೋಗ್ಬೇಡಿ. ಮನೆ ತಾರಸಿ ಮೇಲೆ ಒಂದು ತುಳಸಿ, ಒಂದು ಕಾಮಕಸ್ತೂರಿ ಕುಂಡ ಇಡಿ, ಹೂತೆನೆ ಬಿಡ್ಲಿ, ಚಿವುಟ್ಬೇಡಿ. ಕೋಲುಜೇನು, ನಸರಿ ಜೇನು ಎರಡೂ ಹುಡುಕ್ಕೊಂಡು ಬರ್ತವೆ. ಕರಿಬೇವು ಹೂವಾದಾಗ್ಲೂ ಅಷ್ಟೇ, ನೊಣಗಳ ಜಾತ್ರೆ. ದೇವರಾಜ ಮಾರ್ಕೆಟ್‌ನಲ್ಲಿ ಮೊಳದ ಲೆಕ್ಕ ಕಟ್ಟೋ ಆ ಗುಂಡು ಚೆಂಡುಹೂವು ನೋಡಕ್ಕೆ ಚೆಂದ, ಆದ್ರೆ ದಳದ ಮೇಲೆ ದಳ ತುರುಕಿರೋ ಹೂವಲ್ಲಿ ಹುಳಕ್ಕೆ ಒಳಗೆ ಹೋಗೋ ದಾರಿನೇ ಇಲ್ಲ, ಒಂದೇ ಸುತ್ತು ದಳ ಇರೋ ಸಾದಾ ಹೂವು, ಬೇಲಿ ಹೂವು, ಕಳೆ ಹೂವು ಇವೇ ನಮ್ಮ ಪಾಲಿಗೆ ಬಂಗಾರ. ಟ್ರೈಡ್ಯಾಕ್ಸ್ ಅಂತ ಒಂದಿದೆ, ಫುಟ್‌ಪಾತ್ ಸಂದೀಲೂ ಬೆಳೆಯೋ ಉದ್ದ ಕಡ್ಡಿ ಮೇಲಿನ ಪುಟ್ಟ ಹಳದಿ ಬಿಳಿ ಹೂವು, ಗಬ್ಬು ಸಣ್ಣ ಶಾವಂತಿ ಅಂತಾರಲ್ಲ ಅದು, ಉಗುರಗಲದ ಚಿಟ್ಟೆಗಳೆಲ್ಲಾ ಅದರ ಮೇಲೇನೇ.

ಊರೊಳಗೆ ಅಂದ್ರೆ ಕುಕ್ಕರಹಳ್ಳಿ ಕೆರೆ ಸುತ್ತಿನ ದಾರಿ, ಲಿಂಗಾಂಬುಧಿ ಕೆರೆ ದಂಡೆ, ಚಾಮುಂಡಿ ಬೆಟ್ಟದ ತಪ್ಪಲು. ಕಾರಂಜಿ ಕೆರೇಲಿ ಚಿಟ್ಟೆ ಪಾರ್ಕೇ ಇದೆ, ಆದ್ರೆ ಅಲ್ಲಿ ಟಿಕೆಟ್ಟು, ಮಂಗಳವಾರ ರಜ, ಗೇಟ್ ತೆಗೆಯೋಷ್ಟ್ರಲ್ಲಿ ನಮ್ಮ ಒಳ್ಳೇ ಬೆಳಕು ಅರ್ಧ ಹೋಗಿರುತ್ತೆ. ಕುಕ್ಕರಹಳ್ಳೀಲಿ ವಾಕಿಂಗ್ ಮಾಡೋರು ಓಡಾಡ್ತಾ ಇರ್ತಾರೆ, ದಾರಿಗೆ ಅಡ್ಡ ಮಂಡಿಯೂರಿ ಕೂತ್ರೆ ಬೈಸ್ಕೋತೀರಿ, ಸ್ವಲ್ಪ ಒಳಕ್ಕೆ ಜರುಗಿ.

ಮಂಡ್ಯ ಕಡೆ ಹೋದ್ರೆ ನಾಲೆ ಬದು, ತರಕಾರಿ ತೋಟ, ಹುಚ್ಚೆಳ್ಳು ಹೊಲ. ಹೊಲಕ್ಕೆ ಕಾಲಿಡೋ ಮುಂಚೆ ಯಜಮಾನ್ರನ್ನ ಕೇಳಿ, ಇದು ಬರೀ ಮರ್ಯಾದೆ ಪ್ರಶ್ನೆ ಅಲ್ಲ, ನಿನ್ನೆ ಔಷಧಿ ಹೊಡೆದಿದ್ರೆ ಅಲ್ಲಿ ಹುಳಾನೂ ಇರಲ್ಲ ನಿಮಗೂ ಒಳ್ಳೇದಲ್ಲ. ನಾನೊಂದ್ಸಲ ಕೇಳ್ದೇ ಒಂದು ಬದನೆ ತೋಟದ ಅಂಚಲ್ಲಿ ಸ್ಟ್ಯಾಂಡು ಗೀಂಡು ಹೂಡ್ಕೊಂಡು ಬಗ್ಗಿದ್ದೆ, ಹಿಂದಿಂದ ದನಿ ಬಂತು, "ಏನ್ ಸ್ವಾಮಿ, ಸರ್ವೆನಾ? ಇಲ್ಗೂ ರೋಡ್ ಬತ್ತದಾ?" ಪಾಪ ಮನುಷ್ಯನಿಗೆ ಎದೆ ಹೊಡ್ಕೊಳ್ತಿತ್ತು. ಜೇನಿನ ಫೋಟೋ ಅಂದ್ರೆ ನಂಬ್ಲಿಲ್ಲ, ಸ್ಕ್ರೀನ್ ತೋರ್ಸಿದ ಮೇಲೆ ನಂಬಿ ಒಂದು ಎಳನೀರು ಕೊಚ್ಚಿ ಕೊಟ್ರು. ಇನ್ನೊಂದು, ಕಬ್ಬಿನ ಗದ್ದೆ ಅಂಚಲ್ಲಿ ಪೂರ್ತಿ ಬೆಳಕು ಹರಿಯೋಕ್ ಮುಂಚೆ ಒಬ್ರೇ ಕೂರ್ಬೇಡಿ, ಚಿರತೆ ಸುದ್ದಿ ನಿಮಗೂ ಗೊತ್ತಿರುತ್ತೆ. ಬದುವಲ್ಲಿ ಕೊಳಕುಮಂಡಲ ಇರಬಹುದು, ಗಮ್ ಬೂಟ್ ಹಾಕಿ, ಕೂರೋ ಜಾಗಾನ ಕೋಲಲ್ಲಿ ಒಂದ್ಸಲ ತಟ್ಟಿ. ನೆಗ್ಗಿಲು ಮುಳ್ಳು, ಕೆಂಜಿಗದ ಸಾಲು ಎರಡನ್ನೂ ನೋಡ್ಕೊಂಡು ಕೂರಿ, ಕೂತ ಮೇಲೆ ಗೊತ್ತಾದ್ರೆ ಏನೂ ಪ್ರಯೋಜನ ಇಲ್ಲ.

ಸಾಮಾನು

ಕ್ಯಾಮೆರಾ ಅಂಗಡೀಲಿ ಮೊದ್ಲು ಮ್ಯಾಕ್ರೋ ಲೆನ್ಸೇ, ಅಂದ್ರೆ ಸಣ್ಣ ವಸ್ತೂನ ತೀರಾ ಹತ್ರದಿಂದ ದೊಡ್ಡದಾಗಿ ತೆಗೆಯೋ ಲೆನ್ಸೇ ತೋರ್ಸ್ತಾರೆ. ದುಡ್ಡಿದ್ರೆ 90 ಅಥವಾ 100 ಎಂಎಂ ಮ್ಯಾಕ್ರೋ ತಗೊಳ್ಳಿ, ನಾನೇನು ಬೇಡ ಅನ್ನಲ್ಲ. ಇಲ್ದಿದ್ರೆ ಮೂರು ದಾರಿ ಇದೆ.

ಒಂದು, ಲೆನ್ಸ್ ತಿರುಗ್ಸಿ ಹಾಕೋದು, ರಿವರ್ಸ್ ರಿಂಗ್ ಅಂತ ಕೆಲವು ನೂರು ರೂಪಾಯಿಗೆ ಸಿಗುತ್ತೆ. 50 ಎಂಎಂ ತಿರುಗ್ಸಿದ್ರೆ ಚಿಟ್ಟೆ, ಜೇನಿಗೆ ಸಾಕು, ಕ್ಯಾಮೆರಾ ಜೊತೆ ಬರೋ ಕಿಟ್ ಲೆನ್ಸನ್ನ 18 ಎಂಎಂನಲ್ಲಿಟ್ಟು ತಿರುಗ್ಸಿದ್ರೆ ಇರುವೆ ಮೂತಿ ತುಂಬಾ ಬರುತ್ತೆ, ಆದ್ರೆ ಹುಳಕ್ಕೆ ತೀರಾ ಹತ್ರ ಹೋಗ್ಬೇಕು. ಇದರಲ್ಲಿ ಆಟೋಫೋಕಸ್ ಇರಲ್ಲ, ಅಪರ್ಚರೂ, ಅಂದ್ರೆ ಬೆಳಕು ಒಳಗೆ ಬರೋ ತೂತಿನ ಅಳತೇನೂ, ಕ್ಯಾಮೆರಾದಿಂದ ಬದಲಾಗಲ್ಲ. ಲೆನ್ಸ್ ಮೇಲೆ ಅಪರ್ಚರ್ ರಿಂಗ್ ಇರೋ ಹಳೇ ಲೆನ್ಸ್ ಸಿಕ್ಕಿದ್ರೆ ಇದಕ್ಕೆ ಅದೇ ಬೆಸ್ಟು. ಲೆನ್ಸಿನ ಹಿಂದಿನ ಗಾಜು ಹೊರಗಡೆ ತೆರೆದಿರುತ್ತೆ ಅನ್ನೋದು ನೆನಪಿರ್ಲಿ, ನಂದು ಎಳ್ಳಿನ ಹೊಲದಲ್ಲಿ ಕಡ್ಡಿ ತಾಗಿ ಗೀಚ್ಕೊಂಡು ಇವತ್ತಿಗೂ ಬಿಸಿಲಿಗೆ ಹಿಡಿದ್ರೆ ಗೀರು ಕಾಣುತ್ತೆ.

ಎರಡನೇದು ಎಕ್ಸ್‌ಟೆನ್ಷನ್ ಟ್ಯೂಬ್, ಒಳಗೆ ಗಾಜೇ ಇಲ್ಲದ ಖಾಲಿ ಕೊಳವೆ, ಲೆನ್ಸನ್ನ ಸೆನ್ಸರ್‌ನಿಂದ ಅಂದ್ರೆ ಕ್ಯಾಮೆರಾ ಒಳಗೆ ಚಿತ್ರ ಬೀಳೋ ಫಲಕದಿಂದ, ದೂರ ತಳ್ಳುತ್ತೆ ಅಷ್ಟೇ. 50 ಎಂಎಂ ಲೆನ್ಸ್‌ಗೆ 50 ಎಂಎಂ ಟ್ಯೂಬ್ ಹಾಕಿದ್ರೆ ಒಂದಕ್ಕೊಂದು, ಅಂದ್ರೆ ಹತ್ತು ಮಿಲಿಮೀಟರ್ ಹುಳ ಸೆನ್ಸರ್ ಮೇಲೂ ಹತ್ತು ಮಿಲಿಮೀಟರೇ ಬೀಳುತ್ತೆ. ಮೂರನೇದು, ನಾನು ಈಗ ಬಳಸೋದು, ಲೆನ್ಸ್ ಮುಂದೆ ಕ್ಲಿಪ್ ಮಾಡೋ ಕ್ಲೋಸಪ್ ಗಾಜು. ರೇನಾಕ್ಸ್ 250 ಅಂತ ಬರುತ್ತೆ, 8 ಡಯಾಪ್ಟರ್, ಕನ್ನಡಕದ ಪವರ್ ಲೆಕ್ಕ ಇದ್ದಂಗೆ. ಮನೇಲಿ ಹೆಂಗೂ ಬಿದ್ದಿರೋ 55-250 ಜೂಮ್ ಮುಂದೆ ಹಾಕಿ 125 ಎಂಎಂನಲ್ಲಿಟ್ರೆ ಒಂದಕ್ಕೊಂದು, 250ರಲ್ಲಿಟ್ರೆ ಡಬಲ್. ಹುಳಕ್ಕೂ ಗಾಜಿಗೂ ನಡುವೆ ಸುಮಾರು 11-12 ಸೆಂಟಿಮೀಟರ್ ಜಾಗ ಉಳಿಯುತ್ತೆ, ಆ ಜಾಗದಲ್ಲೇ ಬೆಳಕು ನುಸುಳ್ಬೇಕು, ಅದಕ್ಕೇ ನನಗೆ ಇದು ಇಷ್ಟ.

ಮೊಬೈಲ್ ಇರೋರು ಬೇಜಾರಾಗ್ಬೇಡಿ. ಫೋನಲ್ಲಿ ಬೇರೆಯಾಗಿ ಕೊಟ್ಟಿರೋ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಹೆಸರಿಗಷ್ಟೇ, ಅದನ್ನ ಮುಟ್ಬೇಡಿ, ಮೇನ್ ಕ್ಯಾಮೆರಾಗೆ ಒಂದು ಒಳ್ಳೇ ಕ್ಲಿಪ್ ಲೆನ್ಸ್ ಸಿಕ್ಕಿಸಿ. ಸ್ಕ್ರೀನ್ ಮೇಲೆ ಹುಳದ ಕಣ್ಣಿನ ಜಾಗದಲ್ಲಿ ಬೆರಳು ಒತ್ತಿ ಹಿಡಿದ್ರೆ ಫೋಕಸ್ಸು ಎಕ್ಸ್‌ಪೋಷರ್ರು ಲಾಕ್ ಆಗುತ್ತೆ, ಆಮೇಲೆ ಬೆರಳನ್ನ ಕೆಳಗೆ ಎಳೆದು ಸ್ವಲ್ಪ ಕತ್ತಲು ಮಾಡಿ, ಫೋಕಸ್‌ಗೆ ಫೋನನ್ನೇ ಹಿಂದೆ ಮುಂದೆ ಮಾಡಿ. ಇಲ್ಲಾಂದ್ರೆ 4ಕೆ ವಿಡಿಯೋ ತೆಗೆದು ಅದರಲ್ಲೊಂದು ಫ್ರೇಮ್ ಎತ್ತಿ, ಒಂದೊಂದು ಫ್ರೇಮ್ 8 ಮೆಗಾಪಿಕ್ಸೆಲ್ ಇರುತ್ತೆ, ನೋಡಕ್ಕೆ ಧಾರಾಳ. ಮೊಬೈಲಿಗೆ ಇರೋ ದೊಡ್ಡ ಕಷ್ಟ ಅಂದ್ರೆ ತುಂಬಾ ಹತ್ರ ಹೋಗ್ಬೇಕು, ಫೋನಿನ ನೆರಳೇ ಹೂವಿನ ಮೇಲೆ ಬೀಳುತ್ತೆ, ಅದಕ್ಕೆ ಬೆಳಕು ಪಕ್ಕದಿಂದ ಬರೋ ಬೆಳಗಿನ ಹೊತ್ತು ಮೊಬೈಲಿನೋರಿಗೆ ಇನ್ನೂ ಮುಖ್ಯ.

ಇಷ್ಟರ ಜೊತೆ ಬ್ಯಾಗಲ್ಲಿ ಇರ್ಬೇಕಾದ್ದು: ಕಸೂತಿ ಹಾಕೋ ಮರದ ರಿಂಗಿಗೆ ಬಿಗಿದ ಹಳೇ ಬಿಳಿ ಪಂಚೆ ತುಂಡು, ಅಂಗೈಯಗಲದ ಥರ್ಮೋಕೋಲು, ಒಂದು ಮೊಳದ ಬಿದಿರು ಕಡ್ಡಿ ಎರಡು, ಬಟ್ಟೆ ಕ್ಲಿಪ್ ನಾಲ್ಕು, ಮಂಡಿ ಕೆಳಗೆ ಹಾಕ್ಕೊಳ್ಳೋಕೆ ಮಡಿಚಿದ ಗೋಣಿಚೀಲ.

ಈಗ ಕೆಲಸ ಶುರು

ಮೊದಲ್ನೇ ಹೆಜ್ಜೆ, ಕ್ಯಾಮೆರಾ ತೆಗೀದೇ ಹತ್ತು ನಿಮಿಷ ನೋಡಿ. ಯಾವ ಗಿಡಕ್ಕೆ ಜಾಸ್ತಿ ಬರ್ತಿದಾವೆ, ಬಂದೋರು ಎಷ್ಟೊತ್ತು ಕೂರ್ತಾರೆ, ಯಾವ ಕಡೆಯಿಂದ ಇಳೀತಾರೆ. ತುಳಸಿ, ಕಾಮಕಸ್ತೂರಿ ಥರ ತೆನೆ ಇರೋ ಹೂವಲ್ಲಿ ಜೇನು ಬಹಳ ಸಲ ಕೆಳಗಿಂದ ಶುರು ಮಾಡಿ ಮೇಲಕ್ಕೆ ಹತ್ತುತ್ತೆ, ಇದು ಗೊತ್ತಾದ್ರೆ ನೀವು ಮಧ್ಯದ ಹೂವಿಗೆ ಫೋಕಸ್ ಇಟ್ಕೊಂಡು ಕಾಯ್ಬಹುದು, ಅದೇ ಹತ್ಕೊಂಡು ಬರುತ್ತೆ.

ಆಮೇಲೆ ಒಂದೇ ಒಂದು ಹೂವು ಆರಿಸ್ಕೊಳ್ಳಿ. ಮುಖ ಬೆಳಕಿನ ಕಡೆ ಇರ್ಬೇಕು, ಹಿಂದೆ ಕನಿಷ್ಠ ಒಂದು ಮಾರು ದೂರದವರೆಗೂ ಏನೂ ಇರ್ಬಾರ್ದು, ಇದ್ರೂ ಒಂದೇ ಬಣ್ಣದ್ದು ಇರ್ಬೇಕು. ಒಣಗಿದ ಕಡ್ಡಿ, ಬಿಳಿ ಪ್ಲಾಸ್ಟಿಕ್ ಕವರ್ ಹಿಂದೆ ಇದ್ರೆ ಎಷ್ಟೇ ಮಸುಕಾದ್ರೂ ಕಣ್ಣಿಗೆ ಹೊಡೆಯುತ್ತೆ. ಅಡ್ಡ ಇರೋ ಹುಲ್ಲು ಕೀಳ್ಬೇಡಿ, ಕ್ಲಿಪ್ಪಲ್ಲಿ ಪಕ್ಕಕ್ಕೆ ಸರ್ಸಿ, ಹೋಗುವಾಗ ಬಿಚ್ಚಿ. ಗಾಳಿ ಇದ್ರೆ ಬಿದಿರು ಕಡ್ಡಿ ನೆಲಕ್ಕೆ ಚುಚ್ಚಿ ಹೂವಿನ ತೊಟ್ಟನ್ನ ಕ್ಲಿಪ್ಪಲ್ಲಿ ಮೆಲ್ಲಗೆ ಹಿಡಿಸಿ, ಹೂವಿಗಿಂತ ಒಂದು ಗೇಣು ಕೆಳಗೆ.

ಈಗ ಬೆಳಕು. ಬಿಸಿಲು ಎಳೆಯದಾಗಿದ್ರೆ ಹಂಗೇ ಬಿಡಿ. ಎಂಟೂವರೆ ದಾಟಿ ಚುರುಕು ಶುರುವಾಯ್ತು ಅಂದ್ರೆ ಪಂಚೆ ಕಟ್ಟಿದ ರಿಂಗನ್ನ ಸೂರ್ಯನಿಗೂ ಹೂವಿಗೂ ಮಧ್ಯೆ, ಹೂವಿಂದ ಒಂದು ಗೇಣು ದೂರದಲ್ಲಿ ಕಡ್ಡಿಗೆ ಸಿಕ್ಕಿಸಿ. ಬಟ್ಟೆ ಹತ್ರ ಇದ್ದಷ್ಟೂ ಬೆಳಕು ಮೆತ್ತಗಾಗುತ್ತೆ, ದೂರ ಹೋದಂಗೆ ಮತ್ತೆ ಗಡುಸಾಗುತ್ತೆ. ಇದರ ಉಪಯೋಗ ಗೊತ್ತಾಗೋದು ಮಿರಮಿರ ಮಿಂಚೋ ಹುಳಗಳಲ್ಲಿ. ಗುಲಗಂಜಿ ಹುಳದ ಬೆನ್ನು ಕನ್ನಡಿ ಇದ್ದಂಗೆ, ನೇರ ಬಿಸಿಲಲ್ಲಿ ಅದರ ಮೇಲೆ ಒಂದು ಚುಕ್ಕೆ ಮಾತ್ರ ಉರಿಯೋ ಹಂಗೆ ಬೆಳ್ಳಗೆ ಬಂದು ಉಳಿದ ಕೆಂಪೆಲ್ಲಾ ಕಪ್ಪಾಗುತ್ತೆ, ಅದೇ ಪಂಚೆ ಅಡ್ಡ ಹಿಡಿದ್ರೆ ಬೆನ್ನಿನ ಉಬ್ಬು ಪೂರ್ತಿ ಕಾಣುತ್ತೆ, ಚುಕ್ಕಿ ಎಣಿಸ್ಬಹುದು. ನೆರಳು ಬಿದ್ದ ಕಡೆ, ಹೂವಿನ ಕೆಳಗೆ, ಥರ್ಮೋಕೋಲ್ ತುಂಡು ಇಡಿ, ಹೊಟ್ಟೆಭಾಗ ಕಾಲುಗಳು ಎದ್ದು ಬರ್ತವೆ. ಬಿಸ್ಕೆಟ್ ಪ್ಯಾಕೆಟ್ ಒಳಗಿನ ಬೆಳ್ಳಿ ಕಾಗದ ಬಳಸ್ಬೇಡಿ, ನಾನು ಮಾಡಿ ನೋಡಿದೀನಿ, ಫಳಫಳ ಅಂತ ಅಲ್ಲಾಡಿ ಬಂದ ಹುಳಾನೂ ಓಡ್ಸುತ್ತೆ.

ಗಮನಿಸಿ, ಇದೆಲ್ಲಾ ಹುಳ ಬರೋಕ್ ಮುಂಚೆ. ಹುಳ ಕೂತ ಮೇಲೆ ಬಟ್ಟೆ ತಂದ್ರೆ ನೆರಳು ಸರಿಯುತ್ತೆ, ನೆರಳು ಸರಿದ್ರೆ ಹಾರುತ್ತೆ. ನಮಗಿಂತ ಅವುಗಳ ಕಣ್ಣು ಅಲ್ಲಾಟವನ್ನ ಬೇಗ ಹಿಡಿಯುತ್ತೆ. ಮೊದ್ಲೇ ಅಲ್ಲಿದ್ದ ಬಟ್ಟೆ, ಮೊದ್ಲೇ ಅಲ್ಲಿ ಕೂತಿದ್ದ ನೀವು, ಅವುಗಳ ಲೆಕ್ಕದಲ್ಲಿ ಬಂಡೆ, ಗಿಡ ಇದ್ದಂಗೆ.

ಖಾಲಿ ಹೂವಿಗೇ ಸೆಟ್ಟಿಂಗ್ ಮಾಡ್ಕೊಳ್ಳಿ. ನಂದು ಅಪರ್ಚರ್ ಎಫ್/8 (ಈ ಸಂಖ್ಯೆ ಏರಿದಂಗೆ ತೂತು ಚಿಕ್ಕದು), ಶಟರ್ ಸೆಕೆಂಡಿನ 1/320, ಬೆಳಕಿಗೆ ಸೆನ್ಸರ್ ಎಷ್ಟು ಚುರುಕು ಅನ್ನೋ ಐಎಸ್‌ಒ ಆಟೋದಲ್ಲಿ 1600 ದಾಟದಂಗೆ. ಗಾಳಿ ಇದ್ರೆ 1/640. ರೆಕ್ಕೆ ಬಡಿತಾನ ನಿಲ್ಸೋ ಆಸೆ ಬೇಡ, ಜೇನು ಸೆಕೆಂಡಿಗೆ ಇನ್ನೂರಕ್ಕಿಂತ ಜಾಸ್ತಿ ಸಲ ರೆಕ್ಕೆ ಬಡಿಯುತ್ತೆ, ಅದನ್ನ ನಿಲ್ಸೋಕೆ 1/2000 ದಾಟ್ಬೇಕು, ಬೆಳಗಿನ ಬೆಳಕಲ್ಲಿ ಆಗಲ್ಲ, ರೆಕ್ಕೆ ಮಸುಕಾಗಿದ್ರೇನೇ ಜೀವ ಇದೆ ಅನ್ಸುತ್ತೆ ನನಗೆ. ಎಲ್ಲಾ ಶಾರ್ಪ್ ಬರ್ಲಿ ಅಂತ ಎಫ್/22ಗೆ ಹೋಗೋರಿಗೆ ಒಂದು ಮಾತು: ಟ್ಯೂಬ್ ಹಾಕಿ ಒಂದಕ್ಕೊಂದು ಸೈಜಿಗೆ ಹೋದ್ರೆ ಎಫ್/8 ಅನ್ನೋದು ನಿಜವಾಗಿ ಎಫ್/16 ಥರ ಕೆಲಸ ಮಾಡುತ್ತೆ, ಎಫ್/16 ಇಟ್ರೆ ಎಫ್/32 ಇದ್ದಂಗೆ, ಅಷ್ಟು ಚಿಕ್ಕ ತೂತಲ್ಲಿ ಬೆಳಕು ಹರಡ್ಕೊಂಡು ಫೋಟೋ ಪೂರ್ತಿ ಮಂಜಾಗುತ್ತೆ. ಎಫ್/8ರಲ್ಲಿ ಆ ಸೈಜಲ್ಲಿ ಶಾರ್ಪ್ ಇರೋ ಪದರ ಮುಕ್ಕಾಲರಿಂದ ಒಂದು ಮಿಲಿಮೀಟರ್ ಒಳಗೆ, ನಸರಿ ಜೇನಿನ ಇಡೀ ಉದ್ದಾನೇ ಮೂರು ನಾಲ್ಕು ಮಿಲಿಮೀಟರ್, ಅದರ ತಲೆ ಅಷ್ಟೇ ಶಾರ್ಪ್ ಸಿಗೋದು, ಸಾಕು ಬಿಡಿ. ಪೂರ್ತಿ ಮೈ ಬೇಕು ಅಂದ್ರೆ ಹುಳದ ಪಕ್ಕೆಗೆ ಸೆನ್ಸರನ್ನ ಸಮಾನಾಂತರ ಹಿಡೀರಿ, ಇದೊಂದು ಅಭ್ಯಾಸ ಆದ್ರೆ ಅರ್ಧ ಫೋಟೋ ಉಳಿಯುತ್ತೆ.

ಎಕ್ಸ್‌ಪೋಷರ್‌ನಲ್ಲಿ ಎರಡು ಹೂವು ನನ್ನ ಸತಾಯಿಸಿದ್ದಾವೆ. ಹುಚ್ಚೆಳ್ಳು ಹಳದಿ, ಸ್ಕ್ರೀನಲ್ಲಿ ಸರಿ ಕಾಣುತ್ತೆ, ಮನೆಗೆ ಬಂದು ನೋಡಿದ್ರೆ ದಳದ ಗೆರೆಗಳೆಲ್ಲಾ ಮಾಯ, ಬರೀ ಹಳದಿ ಪೇಂಟು. ಬೆಳಕು ಮುಕ್ಕಾಲು ಸ್ಟಾಪ್ ಕಮ್ಮಿ ಇಡಿ (ಒಂದು ಸ್ಟಾಪ್ ಇಳ್ಸೋದು ಅಂದ್ರೆ ಬೆಳಕು ಅರ್ಧ ಆಗೋದು), ಸ್ಕ್ರೀನಲ್ಲಿ ಬೆಳಕಿನ ಹಂಚಿಕೆ ತೋರ್ಸೋ ಹಿಸ್ಟೋಗ್ರಾಂ ಗ್ರಾಫಲ್ಲಿ ಕೆಂಪು ಗೆರೆ ಬಲಗೋಡೆಗೆ ಗುದ್ದಿದ್ಯಾ ನೋಡಿ. ಇನ್ನೊಂದು ತುಂಬೆ. ಫ್ರೇಮ್ ಬಹುಪಾಲು ಹಸಿರು, ಮಧ್ಯೆ ಒಂಚೂರು ಬಿಳಿ, ಕ್ಯಾಮೆರಾ ಹಸಿರನ್ನ ನೋಡಿ ಬೆಳಕು ಏರ್ಸುತ್ತೆ, ಬಿಳಿ ಸುಟ್ಟೋಗುತ್ತೆ, ಅದರ ಮೇಲೆ ಬಂದು ಕೂರೋದು ಕರ್ರಗಿನ ನಸರಿ ಜೇನು! ಬಿಳಿಗೆ ಸರಿಯಾಗಿ ಒಂದು ಸ್ಟಾಪ್ ಇಳ್ಸಿ, ಕ್ಯಾಮೆರಾ ತಿದ್ದದೇ ಹಂಗೇ ಉಳಿಸೋ ರಾ ಫೈಲ್‌ನಲ್ಲಿ ತೆಗೆದು ಜೇನಿನ ಕಪ್ಪನ್ನ ಆಮೇಲೆ ಎತ್ತಿ, ಸುಟ್ಟ ಬಿಳೀನ ಯಾವ ಸಾಫ್ಟ್‌ವೇರೂ ವಾಪಸ್ ತರಲ್ಲ. ನೆರಳಲ್ಲಿ ತೆಗೆದ್ರೆ ನೀಲಿ ಬರುತ್ತೆ, ಬಣ್ಣ ಸರಿದೂಗ್ಸೋ ವೈಟ್ ಬ್ಯಾಲೆನ್ಸ್ ಸೆಟ್ಟಿಂಗನ್ನ ಮೋಡದ ಗುರುತಿಗೆ ಇಟ್ರೆ ಸರಿಹೋಗುತ್ತೆ.

ಇನ್ನು ಕ್ಲಿಕ್ ಮಾಡೋದು. ಆಟೋಫೋಕಸ್ ಆಫ್. ಎಷ್ಟು ದೊಡ್ಡದಾಗಿ ಬರ್ಬೇಕು ಅನ್ನೋದನ್ನ ಲೆನ್ಸಿನ ಫೋಕಸ್ ರಿಂಗಲ್ಲಿ ಮೊದ್ಲೇ ಫಿಕ್ಸ್ ಮಾಡಿ, ಆಮೇಲೆ ರಿಂಗ್ ಮುಟ್ಟದೇ ಮೈಯನ್ನೇ ತೂಗಿ, ಜೋಕಾಲಿ ಥರ ಹಿಂದೆ ಮುಂದೆ ಒಂದೆರಡು ಮಿಲಿಮೀಟರ್, ಕಣ್ಣು ಶಾರ್ಪ್ ಆಗೋ ಹೊತ್ತಿಗೆ ಉಸಿರು ಬಿಟ್ಟು ಮೂರ್ನಾಲ್ಕು ಫ್ರೇಮ್ ಒಟ್ಟಿಗೆ. ಎಡಗೈಯ ಎರಡು ಬೆರಳಲ್ಲಿ ಹೂವಿನ ತೊಟ್ಟು ಹಿಡ್ಕೊಂಡು ಅದೇ ಕೈ ಮೇಲೆ ಲೆನ್ಸನ್ನ ಕೂರಿಸಿ, ಗಾಳಿ ಬಂದ್ರೆ ಹೂವು ಲೆನ್ಸು ಎರಡೂ ಒಟ್ಟಿಗೆ ಅಲ್ಲಾಡ್ತವೆ, ನಡುವಿನ ದೂರ ಹಂಗೇ ಇರುತ್ತೆ. ಈ ಒಂದು ಉಪಾಯ ಗೊತ್ತಾದ ದಿನ ಟ್ರೈಪಾಡನ್ನ ಅಟ್ಟಕ್ಕೆ ಹಾಕಿದೆ.

ಮಲಗಿರೋ ಹುಳ ಅಂದ್ರೆ ಹಬ್ಬ

ಇದನ್ನ ಬಿಡಿಸಿ ಹೇಳ್ಲೇಬೇಕು. ನೀಲಿ ಪಟ್ಟೆ ಜೇನು ಅಂತ ಒಂದಿದೆ, ಬದನೆ, ಟೊಮ್ಯಾಟೊ ಹೂವಿಗೆ ಬಂದು ನೇತಾಡಿ ಝುಂಯ್ ಅಂತ ಮೈ ನಡುಗ್ಸಿ ಪರಾಗ ಉದುರ್ಸುತ್ತಲ್ಲ ಅದೇ. ಹಗಲಲ್ಲಿ ಅದನ್ನ ಹಿಡಿಯೋದು ಅಸಾಧ್ಯ, ಒಂದು ಹೂವಲ್ಲಿ ಮೂರು ಸೆಕೆಂಡ್ ನಿಲ್ಲಲ್ಲ. ಆದ್ರೆ ಇದರ ಗಂಡುಗಳಿಗೆ ಗೂಡಿಲ್ಲ, ಸಂಜೆ ಒಂದು ಒಣಕಡ್ಡೀನ ದವಡೆಯಲ್ಲಿ ಕಚ್ಕೊಂಡು ಹಂಗೇ ನೇತಾಡ್ತಾ ನಿದ್ದೆ, ಒಂದೇ ಕಡ್ಡೀಲಿ ಐದಾರು ಸಾಲಾಗಿ, ಬಹಳ ಸಲ ದಿನಾ ಅದೇ ಕಡ್ಡಿ. ಹಂಗಾಗಿ ಹಿಂದಿನ ದಿನ ಸಂಜೆ ಸೂರ್ಯ ಮುಳುಗೋ ಹೊತ್ತಿಗೆ ಬೇಲಿ ಸುತ್ತ ಅಡ್ಡಾಡಿ ಯಾವ ಕಡ್ಡಿ ಅಂತ ಗುರ್ತಿಟ್ಕೊಳ್ಳಿ, ಮಾರನೇ ದಿನ ಬೆಳಕು ಹರಿಯೋ ಹೊತ್ತಿಗೆ ಅಲ್ಲಿರಿ.

ನಮ್ಮೂರಲ್ಲಿ ಒಂದು ಡಿಸೆಂಬರ್ ಬೆಳಿಗ್ಗೆ ಹಂಗೇ ಹೋಗಿದ್ದೆ. ಐದು ಜೇನು, ಐದರ ಮೇಲೂ ಇಬ್ಬನಿ. ಕಾಲು ಮಡಚ್ಕೊಂಡು ಬರೀ ಹಲ್ಲಲ್ಲಿ ಕಚ್ಚಿ ಹಿಡಿದಿವೆ, ಮೈ ಗಾಳೀಲಿ ಅಡ್ಡಡ್ಡ. ಹತ್ರದಿಂದ ನೋಡಿದ್ರೆ ಒಂದೊಂದು ಕೂದಲ ತುದೀಗೂ ಒಂದೊಂದು ಹನಿ, ಹಸಿರುಗಣ್ಣಿನ ಮೇಲೆ ಸಾಸಿವೆಗಿಂತ ಸಣ್ಣ ಹನಿಗಳ ಸಾಲು, ಹೊಟ್ಟೆ ಮೇಲಿನ ನೀಲಿ ಪಟ್ಟೆ ಒದ್ದೆಯಾಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಏಳು ಗಂಟೆ ಸುಮಾರಿಗೆ ತೆಂಗಿನ ಮರದ ಸಂದಿಯಿಂದ ಬಿಸಿಲು ಬಂತು ನೋಡಿ, ಮೊದ್ಲು ಒಂದರ ಮೀಸೆ ಅಲ್ಲಾಡ್ತು, ಆಮೇಲೆ ಮುಂಗಾಲಲ್ಲಿ ಕಣ್ಣು ಒರೆಸ್ಕೊಳ್ತು, ಥೇಟ್ ನಮ್ಮಂಗೇ ಎದ್ದ ತಕ್ಷಣ ಮುಖ ಉಜ್ಜೋ ಹಂಗೆ. ಆಮೇಲೆ ಕಡ್ಡಿ ಕಚ್ಚಿದ ಹಾಗೇ ರೆಕ್ಕೆ ನಡುಗಿಸ್ತು, ಒಂದೊಂದೇ ಹೋದ್ವು. ಇಪ್ಪತ್ತು ನಿಮಿಷ ಸಿಕ್ತು ನನಗೆ, ಸೆಕೆಂಡಿನ ಕಾಲುಭಾಗದ ಶಟರಲ್ಲೂ ತೆಗೆದೆ, ಅಷ್ಟು ನಿಶ್ಚಲ. ಇಂಥ ಹೊತ್ತಲ್ಲಿ ಮಾತ್ರ ಎಂಟು ಹತ್ತು ಫ್ರೇಮ್ ಸ್ವಲ್ಪ ಸ್ವಲ್ಪ ಫೋಕಸ್ ಜರುಗ್ಸಿ ತೆಗೆದು ಕಂಪ್ಯೂಟರ್‌ನಲ್ಲಿ ಜೋಡಿಸ್ಬಹುದು, ಓಡಾಡೋ ಹುಳಕ್ಕೆ ಆ ಸ್ಟ್ಯಾಕಿಂಗ್ ಗೋಜು ಬೇಡ.

ಇದೇ ಕಾರಣಕ್ಕೆ ಕೆಲವರು ಹುಳ ಹಿಡಿದು ಫ್ರಿಜ್ಜಲ್ಲಿಟ್ಟು ಮಂಕು ಮಾಡಿ ತಂದು ಹೂವಿನ ಮೇಲೆ ಕೂರಿಸಿ, ಸ್ಪ್ರೇ ಬಾಟ್ಲಲ್ಲಿ ಇಬ್ಬನಿ ಮಾಡ್ತಾರೆ. ನೋಡಿದ್ರೆ ಗೊತ್ತಾಗುತ್ತೆ ಕಣ್ರೀ, ಕಾಲು ಸೊಟ್ಟ ಇರುತ್ತೆ, ಹುಳ ಆ ಹೂವಿಗೆ ಯಾವತ್ತೂ ಬರೋ ಜಾತಿ ಆಗಿರಲ್ಲ. ಬೇಡ. ಹೂವಿಗೆ ಸಕ್ಕರೆ ನೀರು, ಜೇನುತುಪ್ಪ ಹಚ್ಚೋದೂ ಬೇಡ, ಇರುವೆ ಮುತ್ಕೊಂಡು ಜೇನು ಹತ್ರಾನೂ ಬರಲ್ಲ. ಹೆಜ್ಜೇನು ಗೂಡು ಕಟ್ಟಿರೋ ಮರ, ಕಟ್ಟಡದ ಹತ್ರ ಲೆನ್ಸ್ ತಗೊಂಡು ಹೋಗೋ ಸಾಹಸಾನಂತೂ ಖಂಡಿತ ಮಾಡ್ಬೇಡಿ, ಹೂವಿನ ಮೇಲೆ ಒಂಟಿಯಾಗಿ ಬಂದ ಹೆಜ್ಜೇನು ತಂಟೆ ಮಾಡಲ್ಲ, ಗೂಡಿನ ವಿಷ್ಯ ಬೇರೆ.

ಕೈ ಪಳಗೋವರೆಗೂ ನಿಧಾನದ ಹುಳ ಬೇಕು ಅಂದ್ರೆ ಮಳೆಗಾಲದಲ್ಲಿ ಖಾಲಿ ಸೈಟುಗಳಲ್ಲಿ ಕಾಂಗ್ರೆಸ್ ಗಿಡ ನೋಡಿ. ಕೆನೆ ಬಣ್ಣದ ಬೆನ್ನಿಗೆ ಕಂದು ಗೆರೆ ಎಳ್ಕೊಂಡ ದುಂಡು ಜೀರುಂಡೆ ಎಲೆ ತಿಂತಾ ಇರುತ್ತೆ. ಆ ಕಳೆ ತಿನ್ನಿಸ್ಲಿ ಅಂತಾನೇ ಮೆಕ್ಸಿಕೋದಿಂದ ತರ್ಸಿ 1984ರಲ್ಲಿ ಬೆಂಗಳೂರಲ್ಲಿ ಬಿಟ್ಟಿದ್ದು, ಅದರ ಸಂತಾನ ಈಗ ನಮ್ಮ ಬೀದೀಲಿ. ಅಷ್ಟು ಸುಲಭಕ್ಕೆ ಹಾರಲ್ಲ, ಒಳ್ಳೇ ಮಾಡೆಲ್ಲು. ಗಿಡ ಮಾತ್ರ ಮೈಗೆ ತಾಗಿಸ್ಕೋಬೇಡಿ, ತುರಿಕೆ, ಸೀನು ಎರಡೂ ಬರುತ್ತೆ.

ಮನೆಗೆ ಬಂದ ಮೇಲೆ

ಮೊದ್ಲು ಅಳಿಸಿ. ಕಣ್ಣು ಶಾರ್ಪ್ ಇಲ್ದಿರೋದು ಎಲ್ಲಾ ಹೋಗ್ಲಿ, ಬೇಜಾರೇನು ಬೇಡ. ಉಳಿದಿದ್ದಕ್ಕೆ ಬೆಳಕಿನ ಭಾಗ ಸ್ವಲ್ಪ ಇಳ್ಸಿ, ನೆರಳು ಸ್ವಲ್ಪ ಎತ್ತಿ, ಹಸಿರನ್ನ ಏರ್ಸ್ಬೇಡಿ, ನಮ್ಮ ಭತ್ತದ ಗದ್ದೆ ಇರೋದೇ ಸಾಕಷ್ಟು ಹಸಿರಾಗಿ. ಕಂಪ್ಯೂಟರ್‌ಗೆ ಡಾರ್ಕ್‌ಟೇಬಲ್, ಫೋನಿಗೆ ಸ್ನ್ಯಾಪ್‌ಸೀಡ್, ಎರಡೂ ಪುಕ್ಕಟೆ.

ಅಳಿಸೋ ಮುಂಚೆ ದೊಡ್ಡದು ಮಾಡಿ ನೋಡೋದು ಒಳ್ಳೇದು. ಒಂದ್ಸಲ ಲಿಂಗಾಂಬುಧಿ ಹತ್ರ ಒಂದು ನೊಣ ಹತ್ತು ನಿಮಿಷ ಕದಲ್ದೇ ಕೂತಿತ್ತು, ನನ್ನ ಸಂಯಮದ ಫಲ ಅಂತ ಬೀಗ್ತಾ ತೆಗೆದಿದ್ದೇ ತೆಗೆದಿದ್ದು. ಮನೇಲಿ ದೊಡ್ಡದು ಮಾಡಿದ್ರೆ ಹೂವಿನದೇ ಬಣ್ಣದ ಏಡಿ ಜೇಡ ಒಂದು ದಳದ ಕೆಳಗಿಂದ ಅದರ ಕುತ್ತಿಗೆ ಹಿಡ್ಕೊಂಡು ಕೂತಿದೆ, ನೊಣ ಎಷ್ಟೊತ್ತಿಗೋ ಸತ್ತಿದೆ. ಅವತ್ತಿಂದ ಅಲ್ಲಾಡದ ಹುಳ ಕಂಡ್ರೆ ಮೊದ್ಲು ಹೂವಿನ ಕೆಳಗೆ ಬಗ್ಗಿ ನೋಡ್ತೀನಿ.

ಹೆಸರು ಪತ್ತೆ ಮಾಡ್ಬೇಕು ಅಂದ್ರೆ ಒಂದು ಚೆಂದದ ಫೋಟೋ ಸಾಲಲ್ಲ, ಮೇಲಿಂದ ಒಂದು, ಪಕ್ಕದಿಂದ ಒಂದು, ಮುಖದ್ದೊಂದು, ಗಿಡದ ಎಲೆ ಹೂವು ಕಾಣೋ ಹಂಗೆ ಒಂದು, ತಾರೀಕು ಜಾಗ ಬರ್ಕೊಂಡು, ಜೀವಿಗಳ ಫೋಟೋ ಹಾಕಿ ಗುರುತು ಹಿಡಿಸ್ಕೊಳ್ಳೋ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿ, ತಿಳಿದೋರು ಬಂದು ಹೇಳ್ತಾರೆ. ನಾನು ಮೊದಲ ಒಂದು ವರ್ಷ ಹಳದಿ ಕಪ್ಪು ಪಟ್ಟೆ ಇರೋದನ್ನೆಲ್ಲಾ ಜೇನು ಅಂತ ಎಲ್ಲರಿಗೂ ಕಳಿಸ್ತಿದ್ದೆ, ಆಮೇಲೆ ಯಾರೋ ಒಬ್ರು ರೆಕ್ಕೆ ಎಣಿಸಿ ಅಂದ್ರು. ಜೇನಿಗೆ ನಾಲ್ಕು ರೆಕ್ಕೆ, ಉದ್ದ ಮೀಸೆ. ಹೂನೊಣಕ್ಕೆ ಎರಡೇ ರೆಕ್ಕೆ, ಮೀಸೆ ಇದ್ಯೋ ಇಲ್ವೋ ಅನ್ನೋಷ್ಟು ಮೋಟು, ತಲೆ ತುಂಬಾ ಕಣ್ಣು, ಗಾಳೀಲಿ ಒಂದೇ ಕಡೆ ನಿಂತು ನಿಮ್ಮನ್ನೇ ನೋಡುತ್ತೆ. ಎಣಿಸಿ ನೋಡಿದೆ, ನನ್ನ ಹತ್ರ ಇದ್ದ ಒಳ್ಳೊಳ್ಳೆ ಜೇನಿನ ಫೋಟೋದಲ್ಲಿ ಮುಕ್ಕಾಲು ಪಾಲು ನೊಣ.